ನನ್ನದೇ ಫೈಲ್ ಮೇಲೆ ಬ್ರೌಸರಿಗೇಕೆ ಅನುಮಾನ?

ಪ್ರಶ್ನೆ: ನಾನು ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮಲ್ಲಿ ಕರೆಂಟ್ ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟ್ ಇಲ್ಲ. ಹಾಗಾಗಿ ವೆಬ್ ಪುಟದ ರೂಪದಲ್ಲಿ ರಸಪ್ರಶ್ನೆಯೊಂದನ್ನು ತಯಾರಿಸಿ ಪೆನ್‌ಡ್ರೈವ್‌ನಲ್ಲಿ ಶಾಲೆಗೆ ಒಯ್ದೆ. ನಮ್ಮ ಅಕ್ಕನ ಮಗ ಅದನ್ನು ತನ್ನ ವೆಬ್‌ಸೈಟಿಗೆ ಹಾಕಿ ತೋರಿಸಿದಾಗ ಚೆನ್ನಾಗಿಯೇ ನಡೆದಿತ್ತು. ಶಾಲೆಯ ಕಂಪ್ಯೂಟರಿನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಪುಟ ತೆರೆಯುತ್ತದೆ, ‘ಶುರು ಮಾಡಿ’ ಗುಂಡಿಯೂ ಕಾಣುತ್ತದೆ. ಆದರೆ ಒತ್ತಿದರೆ ಒಂದು ಪ್ರಶ್ನೆಯೂ ಬರುವುದಿಲ್ಲ. ಹಿಂದೆ ಸಿಡಿಯಲ್ಲಿ ಬರುತ್ತಿದ್ದ ಪಾಠಗಳನ್ನು ತೆರೆದಾಗ ಮೇಲೆ ಹಳದಿ ಪಟ್ಟಿಯೊಂದು ಬಂದು ಅನುಮತಿಯನ್ನಾದರೂ ಕೇಳುತ್ತಿತ್ತು. ಈಗ ಅದೂ ಇಲ್ಲ. ನನ್ನ ಕಂಪ್ಯೂಟರಿನಲ್ಲಿ ನಾನೇ ಬರೆದ ಫೈಲ್ ಮೇಲೆ ಬ್ರೌಸರಿಗೆ ಏಕೆ ಅನುಮಾನ? ಸೆಟ್ಟಿಂಗ್ ಬದಲಿಸಿ ಈ ತಡೆ ತೆಗೆದರೆ ಏನಾದರೂ ತೊಂದರೆಯಿದೆಯೆ?

— ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಸೆಟ್ಟಿಂಗ್ ಬದಲಿಸಬೇಡಿ; ಅದರ ಅಗತ್ಯವೂ ಇಲ್ಲ. ರಸಪ್ರಶ್ನೆಯ ಫೈಲುಗಳನ್ನೇ ಸ್ವಲ್ಪ ತಿದ್ದಿದರೆ, ಇಲ್ಲವೆ ಶಾಲೆಯ ಒಂದು ಕಂಪ್ಯೂಟರಿನಲ್ಲಿ ಪುಟ್ಟ ಸರ್ವರ್ ಓಡಿಸಿದರೆ ಕೆಲಸ ಆಗುತ್ತದೆ. ಎರಡಕ್ಕೂ ದುಡ್ಡು ಬೇಡ, ಇಂಟರ್ನೆಟ್ಟೂ ಬೇಡ. ಹೇಗೆ ಎಂದು ಹೇಳುವ ಮೊದಲು ‘ಏಕೆ’ ಎಂಬ ನಿಮ್ಮ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ಅದು ತಿಳಿದರೆ, ನಾಳೆ ಬೇರೆ ಯಾವುದೋ ಪುಟ ಹೀಗೆ ಕೈಕೊಟ್ಟಾಗ ಎಲ್ಲಿ ಹುಡುಕಬೇಕು ಎಂಬುದು ನಿಮಗೇ ಹೊಳೆಯುತ್ತದೆ.

ನಿಜಕ್ಕೂ ತಡೆದದ್ದು ಏನನ್ನು?

ಬ್ರೌಸರ್ ನಿಮ್ಮ ಸ್ಕ್ರಿಪ್ಟನ್ನು ಪೂರ್ತಿಯಾಗಿ ತಡೆದಿಲ್ಲ. ಈಗಿನ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮೂರೂ ಡಿಸ್ಕಿನಲ್ಲಿರುವ ಪುಟದ ಜಾವಾಸ್ಕ್ರಿಪ್ಟನ್ನು ಓಡಿಸುತ್ತವೆ. ಲೆಕ್ಕ ಹಾಕುವುದು, ಬಣ್ಣ ಬದಲಿಸುವುದು, ಸೆಕೆಂಡು ಎಣಿಸುವುದು, ಚಿತ್ರ ಕುಣಿಸುವುದು ಎಲ್ಲವೂ ನಡೆಯುತ್ತದೆ. ಪುಟ ತನ್ನ ಗಡಿ ದಾಟಿ, ಪಕ್ಕದ ಇನ್ನೊಂದು ಫೈಲನ್ನು ತೆರೆದು ಓದಲು ಹೊರಟಾಗ ಮಾತ್ರ ಬ್ರೌಸರ್ ಅಡ್ಡ ಬರುತ್ತದೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಪ್ರಶ್ನೆಗಳು ಪುಟದೊಳಗೆ ಇಲ್ಲ. ಬೇರೆ ಒಂದು ಜೆಸನ್ ಫೈಲಿನಲ್ಲಿದ್ದು, ಗುಂಡಿ ಒತ್ತಿದಾಗ ‘ಫೆಚ್’ ಆಜ್ಞೆ ಅದನ್ನು ತರಲು ಹೋಗುತ್ತಿರಬೇಕು.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಪುಟ ತೆರೆದಿಟ್ಟುಕೊಂಡು ಎಫ್12 ಕೀಲಿ ಒತ್ತಿ. ಪಕ್ಕದಲ್ಲೋ ಕೆಳಗೋ ಒಂದು ಕಿಟಕಿ ತೆರೆಯುತ್ತದೆ. ಅದರಲ್ಲಿ ‘ಕನ್ಸೋಲ್’ ಎಂಬ ಭಾಗಕ್ಕೆ ಹೋಗಿ ಗುಂಡಿಯನ್ನು ಮತ್ತೆ ಒತ್ತಿ. ಕೆಂಪು ಬಣ್ಣದ ಸಾಲೊಂದು ಮೂಡುತ್ತದೆ. ಕ್ರೋಮ್‌ನಲ್ಲಾದರೆ, ‘ನಲ್’ ಎಂಬ ಒರಿಜಿನ್‌ನಿಂದ ಬಂದ ಕೋರಿಕೆಯನ್ನು ಸಿಒಆರ್‌ಎಸ್ ನಿಯಮದ ಪ್ರಕಾರ ತಡೆಯಲಾಗಿದೆ, ಇಂಥ ಕೋರಿಕೆ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್‌ನಂಥ ಕೆಲವು ಬಗೆಯ ವಿಳಾಸಗಳಿಗೆ ಮಾತ್ರ ನಡೆಯುತ್ತದೆ ಎಂಬ ಅರ್ಥದ ಇಂಗ್ಲಿಷ್ ಸಾಲು ಅಲ್ಲಿರುತ್ತದೆ. ಹಳದಿ ಪಟ್ಟಿ ಹೋಗಿ ಆ ಜಾಗಕ್ಕೆ ಬಂದಿರುವುದು ಈ ಕೆಂಪು ಸಾಲು. ಸಾಮಾನ್ಯರ ಕಣ್ಣಿಗೆ ಬೀಳದ ಕಡೆ ಕೂತಿದೆ, ಅಷ್ಟೆ.

ಆ ಸಾಲಿನಲ್ಲಿರುವ ‘ನಲ್’ ಎಂಬ ಮಾತಿನಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ.

ವಿಳಾಸವಿಲ್ಲದ ಪುಟ

ವೆಬ್‌ನಲ್ಲಿ ಯಾರನ್ನು ನಂಬಬೇಕು, ಎಷ್ಟು ನಂಬಬೇಕು ಎಂಬುದನ್ನು ಬ್ರೌಸರ್ ತೀರ್ಮಾನಿಸುವುದು ಪುಟದ ವಿಳಾಸ ನೋಡಿ. ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಎಂಬ ಮೊದಲ ತುಂಡು, ಸೈಟಿನ ಹೆಸರು, ಪೋರ್ಟ್ ಸಂಖ್ಯೆ: ಈ ಮೂರೂ ಸೇರಿದರೆ ಒಂದು ‘ಒರಿಜಿನ್’. ಮೂರೂ ಒಂದೇ ಆಗಿರುವ ಪುಟಗಳು ಒಂದರ ಮಾಹಿತಿಯನ್ನು ಇನ್ನೊಂದು ಓದಬಹುದು. ಒಂದು ಬೇರೆಯಾದರೂ ಓದುವಂತಿಲ್ಲ. ಒಂದು ಟ್ಯಾಬಿನಲ್ಲಿ ಬ್ಯಾಂಕ್ ಖಾತೆ, ಪಕ್ಕದ ಟ್ಯಾಬಿನಲ್ಲಿ ಎಲ್ಲಿಂದಲೋ ಬಂದ ಜಾಹೀರಾತಿನ ಪುಟ ತೆರೆದಿಟ್ಟುಕೊಂಡೂ ನಾವು ನೆಮ್ಮದಿಯಾಗಿರುವುದು ಈ ಕಟ್ಟಳೆಯ ದಯೆಯಿಂದ. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಕಾಲಿಟ್ಟ ನೆಟ್‌ಸ್ಕೇಪ್ ಕಾಲದಿಂದಲೂ ಇದರ ಮೂಲ ರೂಪ ಇದೆ. 2011ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 6454 ಎಂಬ ದಾಖಲೆಯಲ್ಲಿ ಅದನ್ನು ಕ್ರಮವಾಗಿ ಬರೆದಿಟ್ಟರು.

ಈಗ ನಿಮ್ಮ ಫೈಲಿಗೆ ಬನ್ನಿ. ಡಬಲ್ ಕ್ಲಿಕ್ ಮಾಡಿದಾಗ ಮೇಲಿನ ವಿಳಾಸದ ಪಟ್ಟಿಯಲ್ಲಿ ‘ಫೈಲ್’ ಎಂಬ ಪದ, ಆಮೇಲೆ ಮೂರು ಓರೆಗೆರೆ, ಆಮೇಲೆ ಡ್ರೈವ್ ಮತ್ತು ಫೋಲ್ಡರ್‌ಗಳ ಹೆಸರು ಬರುತ್ತದೆ. ಓರೆಗೆರೆ ಮೂರು ಇರುವುದಕ್ಕೆ ಕಾರಣ ಸರಳ. ಎರಡನೆಯ ಗೆರೆಗೂ ಮೂರನೆಯದಕ್ಕೂ ನಡುವೆ ಸೈಟಿನ ಹೆಸರು ಇರಬೇಕಿತ್ತು. ಅಲ್ಲಿ ಏನೂ ಇಲ್ಲ. ಫೋಲ್ಡರಿನ ಹೆಸರು ಫೈಲ್ ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು ಯಾರದು ಎಂದು ಹೇಳುವುದಿಲ್ಲ. ನೀವು ರಾತ್ರಿ ಕೂತು ಬರೆದದ್ದು, ಯಾರೋ ಮೇಲ್‌ನಲ್ಲಿ ಕಳಿಸಿದ್ದು, ಗೊತ್ತಿಲ್ಲದ ಸೈಟಿನಿಂದ ಇಳಿದದ್ದು ಎಲ್ಲವೂ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಒಟ್ಟಿಗೇ ಬಿದ್ದಿರುತ್ತವೆ. ಒಂದೇ ವಠಾರದಲ್ಲಿದ್ದಾರೆ ಎಂದು ಪಕ್ಕದ ಮನೆಯ ಬೀಗದ ಕೈಯನ್ನು ಯಾರೂ ಕೊಡುವುದಿಲ್ಲವಲ್ಲ, ಬ್ರೌಸರೂ ಹಾಗೆಯೇ ನಡೆದುಕೊಳ್ಳುತ್ತದೆ. ಡಿಸ್ಕಿನ ಪ್ರತಿಯೊಂದು ಫೈಲನ್ನೂ ಒಂಟಿಯೆಂದೇ ಎಣಿಸಿ, ಒರಿಜಿನ್ ಜಾಗದಲ್ಲಿ ‘ನಲ್’ ಎಂದು ಬರೆದುಕೊಳ್ಳುತ್ತದೆ.

ಅಂದರೆ ಇಲ್ಲಿ ನಿಮ್ಮ ಮೇಲೆ ಅನುಮಾನದ ಮಾತೇ ಇಲ್ಲ. ಈ ಫೈಲ್ ನಿಮ್ಮದು ಎಂದು ತಿಳಿಯುವ ದಾರಿ ಬ್ರೌಸರಿಗೆ ಇಲ್ಲ.

ಮೊದಲು ಹೀಗಿರಲಿಲ್ಲ

ಒಂದು ಕಾಲಕ್ಕೆ ಪರಿಸ್ಥಿತಿ ಇದಕ್ಕೆ ತೀರಾ ತದ್ವಿರುದ್ಧವಾಗಿತ್ತು. 1997ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಪುಟಗಳನ್ನು ‘ವಲಯ’ಗಳಾಗಿ ಹಂಚಿತು: ಇಂಟರ್ನೆಟ್, ಕಚೇರಿಯ ಒಳಜಾಲ, ನಂಬಿಕೆಯ ಸೈಟುಗಳು, ನಿರ್ಬಂಧಿತ ಸೈಟುಗಳು. ಈ ನಾಲ್ಕು ಸೆಟ್ಟಿಂಗ್‌ನಲ್ಲಿ ಕಾಣುತ್ತಿದ್ದವು. ಕಾಣದ ಐದನೆಯದೊಂದಿತ್ತು, ‘ಮೈ ಕಂಪ್ಯೂಟರ್’. ಡಿಸ್ಕಿನಲ್ಲಿರುವ ಪುಟವೆಂದರೆ ಮನೆಯವರದೇ ಎಂಬ ಲೆಕ್ಕದಲ್ಲಿ ಈ ವಲಯಕ್ಕೆ ಎಲ್ಲಕ್ಕಿಂತ ಹೆಚ್ಚು ಸಲಿಗೆ ಕೊಟ್ಟಿದ್ದರು. ಇಂಟರ್ನೆಟ್ಟಿನ ಪುಟ ಮಾಡಲಾಗದ ಎಷ್ಟೋ ಕೆಲಸಗಳನ್ನು ಇಲ್ಲಿನ ಪುಟ ‘ಆಕ್ಟಿವ್‌ಎಕ್ಸ್’ ಎಂಬ ತಂತ್ರದ ಮೂಲಕ ಮಾಡಬಹುದಿತ್ತು. ಡಿಸ್ಕಿಗೆ ಹೊಸ ಫೈಲ್ ಬರೆಯುವುದೂ ಅದರಲ್ಲೊಂದು.

ಕಳ್ಳರಿಗೆ ಬೇಕಾಗಿದ್ದುದು ಇಷ್ಟೇ. ಹೊರಗಿನ ಪುಟದ ಸ್ಕ್ರಿಪ್ಟನ್ನು ಹೇಗಾದರೂ ಮಾಡಿ ಈ ಒಳವಲಯಕ್ಕೆ ದಾಟಿಸಿಬಿಟ್ಟರೆ ಮುಂದಿನ ಬಾಗಿಲುಗಳೆಲ್ಲ ತೆರೆದೇ ಇರುತ್ತಿದ್ದವು. 2004ರ ಜೂನ್‌ನಲ್ಲಿ ‘ಡೌನ್‌ಲೋಡ್.ಜೆಕ್ಟ್’ ಎಂಬ ದಾಳಿ ಇದನ್ನೇ ಮಾಡಿತು. ಮೈಕ್ರೋಸಾಫ್ಟ್‌ನ ಐಐಎಸ್ ತಂತ್ರಾಂಶದಲ್ಲಿ ನಡೆಯುತ್ತಿದ್ದ ವೆಬ್ ಸರ್ವರ್‌ಗಳಿಗೆ ಕನ್ನ ಹಾಕಿ, ಅಲ್ಲಿನ ಪುಟಗಳ ಬಾಲಕ್ಕೆ ಸ್ಕ್ರಿಪ್ಟ್ ತುಂಡೊಂದನ್ನು ಅಂಟಿಸಿದ್ದರು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಆ ಪುಟ ನೋಡಿದವರ ಕಂಪ್ಯೂಟರಿಗೆ ಪಾಸ್‌ವರ್ಡ್ ಕದಿಯುವ ತಂತ್ರಾಂಶ ಇಳಿಯುತ್ತಿತ್ತು. ನೋಡಿದವರು ಯಾವುದೋ ಕೆಟ್ಟ ಸೈಟಿಗೆ ಹೋದವರಲ್ಲ. ಮಾಮೂಲಿ ಸೈಟುಗಳನ್ನು ನೋಡಿದವರು. ಜುಲೈ ಮೊದಲ ವಾರದಲ್ಲಿ, ಡಿಸ್ಕಿಗೆ ಬರೆಯುವ ಆ ಆಕ್ಟಿವ್‌ಎಕ್ಸ್ ತುಣುಕನ್ನು ಬ್ರೌಸರಿನಲ್ಲಿ ನಿಷ್ಕ್ರಿಯಗೊಳಿಸುವ ತೇಪೆಯನ್ನು ಮೈಕ್ರೋಸಾಫ್ಟ್ ಹೊರತರುವ ಹೊತ್ತಿಗೆ ಕೆಲವರಿಗಾದರೂ ನಷ್ಟ ಆಗಿಹೋಗಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2, ಸಲಿಗೆಯ ಆ ವಲಯಕ್ಕೆ ಬೀಗ ಜಡಿಯಿತು. ನೀವು ಸಿಡಿ ಪಾಠಗಳಲ್ಲಿ ಕಂಡ ಹಳದಿ ಪಟ್ಟಿ ಹುಟ್ಟಿದ್ದು ಆಗ. ನಿಮ್ಮ ಕಂಪ್ಯೂಟರಿನೊಳಗೆ ಕೈಹಾಕಬಲ್ಲ ಅಂಶಗಳನ್ನು ಈ ಫೈಲಿನಲ್ಲಿ ತಡೆದಿದ್ದೇವೆ, ಬೇಕಿದ್ದರೆ ಇಲ್ಲಿ ಕ್ಲಿಕ್ ಮಾಡಿ ಎಂದು ಅದು ಹೇಳುತ್ತಿತ್ತು. ಬೀಗ ತೆಗೆಯಲು ಇಂಟರ್ನೆಟ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಪಟ್ಟಿಯಲ್ಲಿ ಎರಡು ಚೌಕಗಳಿದ್ದವು, ಒಂದು ಡಿಸ್ಕಿನ ಫೈಲುಗಳಿಗೆ, ಇನ್ನೊಂದು ಸಿಡಿಗಳಿಗೆ. ಪಾಠದ ಸಿಡಿಯ ಜೊತೆ ಬರುತ್ತಿದ್ದ ಕೈಪಿಡಿಗಳಲ್ಲಿ ‘ಈ ಚೌಕಕ್ಕೆ ಟಿಕ್ ಹಾಕಿ’ ಎಂಬ ಸಲಹೆ ಇರುತ್ತಿದ್ದುದು ಅದಕ್ಕೇ. ಒಮ್ಮೆ ಹಾಕಿದ ಟಿಕ್ ಆ ಸಿಡಿಗೆ ಮಾತ್ರ ಸೀಮಿತವಾಗಿರಲಿಲ್ಲ, ಮುಂದೆ ಬರುವ ಎಲ್ಲಕ್ಕೂ ಅನ್ವಯಿಸುತ್ತಿತ್ತು ಎಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಪುಟದ ಆರಂಭದಲ್ಲಿ ‘ಇದನ್ನು ಇಂಥ ವಿಳಾಸದಿಂದ ಉಳಿಸಿಕೊಳ್ಳಲಾಗಿದೆ’ ಎಂಬ ಒಂದು ಸಾಲಿನ ಟಿಪ್ಪಣಿ ಇದ್ದರೆ ಹಳದಿ ಪಟ್ಟಿ ಬರುತ್ತಲೇ ಇರಲಿಲ್ಲ. ಸ್ಕ್ರಿಪ್ಟ್ ಸಲೀಸಾಗಿ ಓಡುತ್ತಿತ್ತು. ಇದಕ್ಕೆ ‘ಮಾರ್ಕ್ ಆಫ್ ದ ವೆಬ್’ ಎಂದು ಹೆಸರು. ಸಿಡಿ ತಯಾರಕರು ‘ಅಬೌಟ್:ಇಂಟರ್ನೆಟ್’ ಎಂಬ ಸಾಮಾನ್ಯ ವಿಳಾಸ ಹಾಕುತ್ತಿದ್ದರು. ಆ ವಿಳಾಸದಲ್ಲಿ 14 ಇಂಗ್ಲಿಷ್ ಅಕ್ಷರ-ಚಿಹ್ನೆಗಳಿರುವುದರಿಂದ ಅದರ ಹಿಂದೆ ಆವರಣದಲ್ಲಿ 0014 ಎಂದು ಬರೆಯಬೇಕಿತ್ತು. ನಾನು ಹೊರಗಿನವನು ಎಂದು ಒಪ್ಪಿಕೊಂಡ ಪುಟಕ್ಕೆ ದಾರಿ ಬಿಟ್ಟು, ಮನೆಯವನು ಎಂದು ಹೇಳಿಕೊಂಡ ಪುಟವನ್ನು ತಡೆಯುವುದು ತಲೆಕೆಳಗಾದ ನ್ಯಾಯದಂತೆ ಕಾಣುತ್ತದೆ. ಆದರೆ ಹೊರಗಿನವನು ಎಂದು ಒಪ್ಪಿಕೊಂಡ ಕೂಡಲೇ ಪುಟಕ್ಕೆ ಇಂಟರ್ನೆಟ್ ವಲಯದ ಕಟ್ಟುಪಾಡುಗಳು ಅನ್ವಯಿಸುತ್ತಿದ್ದವು. ಸ್ಕ್ರಿಪ್ಟ್ ಓಡಬಹುದು, ಡಿಸ್ಕನ್ನು ಮುಟ್ಟುವಂತಿಲ್ಲ. ಭಯ ಇದ್ದದ್ದು ಸ್ಕ್ರಿಪ್ಟ್ ಬಗ್ಗೆ ಅಲ್ಲ, ಅದರ ಕೈಗೆ ಸಿಗುವ ಅಧಿಕಾರದ ಬಗ್ಗೆ.

ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿವೃತ್ತಿಯಾಯಿತು. ಅದರೊಂದಿಗೆ ಹಳದಿ ಪಟ್ಟಿಯೂ ಹೋಯಿತು. ಆ ಗುರುತಿನ ಪದ್ಧತಿ ಮಾತ್ರ ವಿಂಡೋಸ್‌ನಲ್ಲಿ ಬೇರೆ ರೂಪದಲ್ಲಿ ಉಳಿದಿದೆ. ನೆಟ್‌ನಿಂದ ಇಳಿಸಿದ ಫೈಲಿನ ಬೆನ್ನಿಗೆ ಕಣ್ಣಿಗೆ ಕಾಣದ ಚೀಟಿಯೊಂದು ಅಂಟಿಕೊಳ್ಳುತ್ತದೆ. ಇಂಟರ್ನೆಟ್ಟಿನದಾದರೆ ಅದರಲ್ಲಿ ವಲಯ ಸಂಖ್ಯೆ 3 ಎಂದಿರುತ್ತದೆ. ಇಳಿಸಿಕೊಂಡ ವರ್ಡ್ ಕಡತದ ಮ್ಯಾಕ್ರೋಗಳನ್ನು ಆಫೀಸ್ ತಾನಾಗಿ ತಡೆಯುವುದೂ, ಹಳೆಯ ಸಿಎಚ್‌ಎಂ ಸಹಾಯ ಕಡತ ತೆರೆದರೆ ಬಲಭಾಗ ಖಾಲಿ ಕಾಣುವುದೂ ಇದರಿಂದಲೇ. ಫೈಲ್ ನಂಬಿಕೆಯದಾದರೆ ಅದರ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಆರಿಸಿದರೆ ಚೀಟಿ ಕಳಚುತ್ತದೆ. ಈ ಚೀಟಿ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಷ್ಟೇ ಉಳಿಯುತ್ತದೆ. ಎಫ್‌ಎಟಿ32 ಪೆನ್‌ಡ್ರೈವ್‌ಗೆ ನಕಲಿಸಿದರೆ ದಾರಿಯಲ್ಲೇ ಬಿದ್ದುಹೋಗುತ್ತದೆ. ಪೆನ್‌ಡ್ರೈವ್‌ನಲ್ಲಿ ಬಂದ ಫೈಲಿಗೆ ಎಚ್ಚರಿಕೆ ಕಾಣಿಸಲಿಲ್ಲವೆಂದರೆ ಅದು ಸುರಕ್ಷಿತ ಎಂದೇನೂ ಅರ್ಥವಲ್ಲ.

ಒಂದೇ ಫೋಲ್ಡರ್ ಎಂಬ ನೆಪ

‘ಇಡೀ ಡಿಸ್ಕ್ ಬೇಡ, ಅದೇ ಫೋಲ್ಡರಿನಲ್ಲಿರುವ ಫೈಲನ್ನಾದರೂ ಓದಲು ಬಿಡಬಹುದಲ್ಲ?’ ಎಂದು ನೀವು ಕೇಳಬಹುದು. ಫೈರ್‌ಫಾಕ್ಸ್ ಹಾಗೆಯೇ ಬಿಟ್ಟಿತ್ತು. 2008ರ ಫೈರ್‌ಫಾಕ್ಸ್ 3ರಿಂದ, ಪುಟವೊಂದು ತನ್ನ ಫೋಲ್ಡರ್ ಮತ್ತು ಅದರ ಒಳಫೋಲ್ಡರ್‌ಗಳ ಫೈಲುಗಳನ್ನು ಓದಬಹುದಾಗಿತ್ತು. ಪುಟ ಕಟ್ಟುವವರಿಗೆ ಅದರಿಂದ ಬಹಳ ಅನುಕೂಲವೂ ಇತ್ತು. ನಿಮ್ಮ ರಸಪ್ರಶ್ನೆ ಆಗಿನ ಫೈರ್‌ಫಾಕ್ಸ್‌ನಲ್ಲಿ ತಕರಾರಿಲ್ಲದೆ ನಡೆಯುತ್ತಿತ್ತು.

ಅದು ಕೆಟ್ಟದ್ದು ಆಂಡ್ರಾಯ್ಡ್ ಫೋನಿನಲ್ಲಿ. ಮೆಸೇಜಿಂಗ್ ಆ್ಯಪ್ ಒಂದು ತನಗೆ ಬಂದ ಫೈಲುಗಳನ್ನೆಲ್ಲ ಒಂದೇ ಫೋಲ್ಡರಿಗೆ, ಊಹಿಸಬಹುದಾದ ಕ್ರಮದಲ್ಲಿ ಹೆಸರಿಟ್ಟು ಹಾಕುತ್ತಿತ್ತು. ಯಾರೋ ಕಳಿಸಿದ ಎಚ್‌ಟಿಎಂಎಲ್ ಫೈಲನ್ನು ಫೈರ್‌ಫಾಕ್ಸ್‌ನಲ್ಲಿ ತೆರೆದರೆ, ಅದರ ಸ್ಕ್ರಿಪ್ಟ್ ಹೆಸರುಗಳನ್ನು ಊಹಿಸುತ್ತ ಬೇರೆಯವರು ಆ ಫೋನಿಗೆ ಕಳಿಸಿದ್ದ ಕಡತಗಳನ್ನು ಓದಬಹುದು ಎಂದು ತೋರಿಸಿಕೊಟ್ಟರು. 2019ರ ಜುಲೈನಲ್ಲಿ ಬಂದ ಫೈರ್‌ಫಾಕ್ಸ್ 68 ಆ ರಿಯಾಯಿತಿಯನ್ನು ಕಿತ್ತುಹಾಕಿತು. ಕ್ರೋಮ್ ಅದಕ್ಕೆ ಬಹಳ ಮೊದಲೇ ಬಿಗಿಯಾಗಿತ್ತು. ಸಾಧು ಮನುಷ್ಯರ ಒಂದು ಅನುಕೂಲ ಹೀಗೆ ಕಳ್ಳರ ದೆಸೆಯಿಂದ ಹೋಯಿತು.

ಅಪಾಯ ಇಂದಿಗೂ ಜೀವಂತವಾಗಿದೆ. ಬಿಲ್ಲು, ರಶೀದಿ, ಕೊರಿಯರ್ ವಿವರ ಎಂಬ ಹೆಸರಿನಲ್ಲಿ ಮೇಲ್ ಜೊತೆ ಬರುವ ಎಚ್‌ಟಿಎಂಎಲ್ ಲಗತ್ತುಗಳನ್ನು ನೋಡಿ. ತೆರೆದರೆ ಮೇಲ್ ಖಾತೆಯ ಲಾಗಿನ್ ಪುಟದಂತೆಯೇ ಕಾಣುವ ಪುಟ, ಅದರಲ್ಲಿ ನಿಮ್ಮ ಮೇಲ್ ವಿಳಾಸ ಮೊದಲೇ ತುಂಬಿರುತ್ತದೆ; ಪಾಸ್‌ವರ್ಡ್ ಮಾತ್ರ ಕೇಳುತ್ತದೆ. ಸೈಟಾಗಿದ್ದರೆ ವಿಳಾಸ ನೋಡಿ ಮೋಸ ಹಿಡಿಯಬಹುದಿತ್ತು, ಕೆಟ್ಟ ಸೈಟುಗಳ ಪಟ್ಟಿ ಇಟ್ಟುಕೊಂಡ ಬ್ರೌಸರೂ ಎಚ್ಚರಿಸುತ್ತಿತ್ತು. ಇದಕ್ಕೆ ವಿಳಾಸವೇ ಇಲ್ಲ. ಇನ್ನೊಂದು ಬಗೆಯಲ್ಲಿ, ಕೆಟ್ಟ ತಂತ್ರಾಂಶವನ್ನು ಅಕ್ಷರಗಳ ರಾಶಿಯಾಗಿ ಪುಟದೊಳಗೇ ತುಂಬಿ, ಪುಟ ತೆರೆದ ಮೇಲೆ ಸ್ಕ್ರಿಪ್ಟ್ ಅದನ್ನು ಜೋಡಿಸಿ ಡೌನ್‌ಲೋಡ್ ಆದಂತೆ ಇಳಿಸುತ್ತದೆ. ದಾರಿಯ ತಪಾಸಣೆಗಳಲ್ಲಿ ಸಿಗುವುದು ಬರೀ ಪಠ್ಯ. ಇದನ್ನು ‘ಎಚ್‌ಟಿಎಂಎಲ್ ಸ್ಮಗ್ಲಿಂಗ್’ ಎನ್ನುತ್ತಾರೆ. ಇಂಥ ಫೈಲೂ ನಿಮ್ಮ ರಸಪ್ರಶ್ನೆಯೂ ಬ್ರೌಸರಿನ ಕಣ್ಣಿಗೆ ಒಂದೇ ಜಾತಿ.

ಹಾಗಾದರೆ ಸೆಟ್ಟಿಂಗ್ ಬದಲಿಸಿದರೆ?

ದಾರಿಗಳು ಇವೆ. ಕ್ರೋಮನ್ನು ಒಂದು ವಿಶೇಷ ಆಜ್ಞೆಯೊಂದಿಗೆ ಶುರು ಮಾಡಿದರೆ ಡಿಸ್ಕಿನ ಪುಟ ಡಿಸ್ಕಿನ ಬೇರೆ ಫೈಲುಗಳನ್ನು ಓದಬಹುದು. ಫೈರ್‌ಫಾಕ್ಸ್‌ನ ಒಳ ಸೆಟ್ಟಿಂಗ್‌ಗಳಲ್ಲೂ, ಸಫಾರಿಯ ಡೆವಲಪ್ ಮೆನುವಿನಲ್ಲೂ ಇಂಥ ಸ್ವಿಚ್ಚುಗಳಿವೆ. ‘ವೆಬ್ ಭದ್ರತೆಯನ್ನೇ ಆರಿಸು’ ಎಂಬ ಇನ್ನೂ ಒರಟಾದ ಆಜ್ಞೆಯನ್ನು ಕೆಲವರು ಸೂಚಿಸುತ್ತಾರೆ. ಅದನ್ನು ಬಳಸಿದರೆ ಒಂದು ಸೈಟು ಇನ್ನೊಂದರ ಮಾಹಿತಿ ಓದದಂತೆ ಕಾಯುವ ಮೂಲ ಕಟ್ಟಳೆಯೇ ಬಿದ್ದುಹೋಗುತ್ತದೆ.

ಇವೆಲ್ಲದರ ಕೊರತೆ ಒಂದೇ. ನಿಮಗೆ ಬೇಕಾಗಿದ್ದುದು ಒಂದು ಪುಟಕ್ಕೆ ಅನುಮತಿ. ಸ್ವಿಚ್ಚು ಕೊಡುವುದು ಡಿಸ್ಕಿನ ಎಲ್ಲ ಪುಟಗಳಿಗೆ. ಶಾಲೆಯ ಕಂಪ್ಯೂಟರಿನಲ್ಲಿ ಹತ್ತಾರು ಪೆನ್‌ಡ್ರೈವ್‌ಗಳು ಬಂದುಹೋಗುತ್ತವೆ, ಅದೇ ಯಂತ್ರದಲ್ಲಿ ಮಕ್ಕಳ ದಾಖಲೆಯೂ ಇರುತ್ತದೆ. ಅಲ್ಲಿ ಈ ಸ್ವಿಚ್ಚು ಒತ್ತಿ ಮರೆತುಬಿಟ್ಟರೆ ಅದರ ಫಲ ಉಣ್ಣುವವರು ನೀವೊಬ್ಬರೇ ಅಲ್ಲ. ಹಳೆಯ ಬ್ರೌಸರ್ ಹುಡುಕಿ ಹಾಕಿಕೊಳ್ಳುವ ಸಲಹೆಗೂ ಇದೇ ಮಾತು.

ಮೊದಲ ದಾರಿ: ಪುಟವನ್ನು ಸ್ವಯಂಪೂರ್ಣ ಮಾಡಿ

ನಿಮ್ಮ ಜೆಸನ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಚೌಕಾವರಣದಿಂದ ಶುರುವಾಗಿ ಚೌಕಾವರಣದಲ್ಲಿ ಮುಗಿಯುವ ಪಟ್ಟಿ ಅಲ್ಲಿರುತ್ತದೆ. ಮೊದಲ ಆವರಣದ ಹಿಂದೆ ‘ಕಾನ್ಸ್ಟ್’ ಎಂಬ ಜಾವಾಸ್ಕ್ರಿಪ್ಟ್ ಪದ, ಪಟ್ಟಿಗೆ ಒಂದು ಹೆಸರು, ಸಮ ಚಿಹ್ನೆ ಇಷ್ಟನ್ನು ಇಂಗ್ಲಿಷಿನಲ್ಲಿ ಸೇರಿಸಿ; ಕೊನೆಯಲ್ಲಿ ಸೆಮಿಕೋಲನ್ ಹಾಕಿ. ಫೈಲನ್ನು ಜೆಸನ್ ಬಾಲದ ಬದಲು ಜೆಎಸ್ ಬಾಲದೊಂದಿಗೆ ಉಳಿಸಿ. ಈಗ ಅದು ಬರೀ ಮಾಹಿತಿಯ ಕಡತವಾಗಿ ಉಳಿಯದೆ ಸ್ಕ್ರಿಪ್ಟ್ ಆಯಿತು. ಪುಟದಲ್ಲಿ ಮುಖ್ಯ ಸ್ಕ್ರಿಪ್ಟಿಗೆ ಮೊದಲು ಒಂದು ಸ್ಕ್ರಿಪ್ಟ್ ಟ್ಯಾಗ್ ಹಾಕಿ ಇದನ್ನು ಕರೆಯಿರಿ, ಫೆಚ್ ಆಜ್ಞೆಯನ್ನು ತೆಗೆದು ಪಟ್ಟಿಯ ಹೆಸರನ್ನು ನೇರ ಬಳಸಿ. ಸ್ಕ್ರಿಪ್ಟ್ ಟ್ಯಾಗಿನ ಮೂಲಕ ಪಕ್ಕದ ಫೈಲನ್ನು ಓಡಿಸಿಕೊಳ್ಳಲು ಬ್ರೌಸರ್ ಅಡ್ಡಿ ಮಾಡುವುದಿಲ್ಲ. ಫೆಚ್ ಮೂಲಕ ಅದರ ಪಠ್ಯವನ್ನು ಓದಲು ಮಾತ್ರ ಬಿಡುವುದಿಲ್ಲ. ಒಂದು ಎಚ್ಚರ: ಟ್ಯಾಗಿನಲ್ಲಿ ‘ಮಾಡ್ಯೂಲ್’ ಎಂಬ ಬಗೆ ನಮೂದಾಗಿದ್ದರೆ ಅದಕ್ಕೂ ತಡೆ ಬೀಳುತ್ತದೆ. ಹಳೆಯ ಶೈಲಿಯ ಸಾದಾ ಟ್ಯಾಗೇ ಇರಲಿ.

ಉಳಿಸುವಾಗ ಇನ್ನೆರಡು ಕಡೆ ಎಡವುವುದುಂಟು. ವಿಂಡೋಸ್ ಫೈಲಿನ ಬಾಲವನ್ನು ಮರೆಮಾಡುವುದರಿಂದ ನೋಟ್‌ಪ್ಯಾಡ್ ಅದನ್ನು ‘ಜೆಎಸ್ ಡಾಟ್ ಟಿಎಕ್ಸ್‌ಟಿ’ ಎಂದು ಉಳಿಸಿಬಿಡಬಹುದು. ‘ಆಲ್ ಫೈಲ್ಸ್’ ಆರಿಸಿ ಉಳಿಸಿ. ಇನ್ನು ಅಕ್ಷರಗಳು. ಸರ್ವರ್‌ನಿಂದ ಬರುವ ಪುಟದ ಜೊತೆ ಅಕ್ಷರ ಸಂಕೇತ ಯಾವುದೆಂಬ ಸೂಚನೆಯೂ ಬರಬಹುದು. ಡಿಸ್ಕಿನ ಪುಟಕ್ಕೆ ಆ ಸೂಚನೆ ಕೊಡುವವರಿಲ್ಲ. ಹಾಗಾಗಿ ಯುಟಿಎಫ್-8 ಎಂದು ಪುಟದ ತಲೆಯಲ್ಲೇ ಮೆಟಾ ಟ್ಯಾಗಿನಲ್ಲಿ ಬರೆಯಿರಿ, ಉಳಿಸುವಾಗಲೂ ಅದನ್ನೇ ಆರಿಸಿ. ಇಲ್ಲವಾದರೆ ಪ್ರಶ್ನೆಗಳು ಬಂದರೂ ಕನ್ನಡ ಅಕ್ಷರದ ಜಾಗದಲ್ಲಿ ಚಿತ್ರವಿಚಿತ್ರ ಗುರುತುಗಳು ಕಾಣುತ್ತವೆ.

ಇನ್ನೂ ಅಚ್ಚುಕಟ್ಟಾಗಬೇಕೆಂದರೆ ಎಲ್ಲವನ್ನೂ ಒಂದೇ ಎಚ್‌ಟಿಎಂಎಲ್ ಫೈಲಿನೊಳಗೆ ಸೇರಿಸಿ. ವಿಜ್ಞಾನ ಶಿಕ್ಷಕರಾದ ನಿಮಗೆ ‘ಫೆಟ್’ ಪ್ರಯೋಗಗಳು ಗೊತ್ತಿರಬಹುದು. ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್ಸಿನಲ್ಲಿ ಶುರು ಮಾಡಿದ ಯೋಜನೆ ಅದು. ಹಲವು ಪ್ರಯೋಗಗಳು ಕನ್ನಡದಲ್ಲೂ ಸಿಗುತ್ತವೆ. ಅದರ ಈಗಿನ ಮಾದರಿಯ ಪ್ರಯೋಗವೊಂದನ್ನು ಇಳಿಸಿಕೊಂಡರೆ ಸಿಗುವುದು ಒಂದೇ ಒಂದು ಎಚ್‌ಟಿಎಂಎಲ್ ಫೈಲ್. ಚಿತ್ರ, ಶಬ್ದ, ಸ್ಕ್ರಿಪ್ಟ್ ಎಲ್ಲವೂ ಅದರೊಳಗೇ ಇರುವುದರಿಂದ ಪೆನ್‌ಡ್ರೈವ್‌ನಿಂದ ಡಬಲ್ ಕ್ಲಿಕ್ ಮಾಡಿದರೂ ನಡೆಯುತ್ತದೆ. ಯಾರ ಮುಂದೆಯೂ ಕೈಚಾಚದ ಪುಟಕ್ಕೆ ಯಾರ ಅನುಮತಿಯೂ ಬೇಡ.

ಮಕ್ಕಳ ಅಂಕಗಳನ್ನು ಪುಟ ತಾನಾಗಿ ಡಿಸ್ಕಿಗೆ ಬರೆದುಕೊಳ್ಳಲಿ ಎಂದು ಮಾತ್ರ ನಿರೀಕ್ಷಿಸಬೇಡಿ. ಬ್ರೌಸರಿನ ಒಳನೆನಪು ಡಿಸ್ಕಿನ ಪುಟಗಳ ಮಟ್ಟಿಗೆ ಬ್ರೌಸರಿನಿಂದ ಬ್ರೌಸರಿಗೆ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತದೆ, ನೆಚ್ಚುವಂತಿಲ್ಲ. ‘ಅಂಕ ಉಳಿಸಿ’ ಎಂಬ ಗುಂಡಿ ಇಟ್ಟು, ಒತ್ತಿದಾಗ ಸಣ್ಣ ಕಡತವೊಂದು ಡೌನ್‌ಲೋಡ್ ಆಗುವಂತೆ ಮಾಡುವುದು ಉತ್ತಮ.

ಎರಡನೆಯ ದಾರಿ: ಪುಟಕ್ಕೆ ವಿಳಾಸ ಕೊಡಿ

ಕಾಯಿಲೆ ವಿಳಾಸವಿಲ್ಲದ್ದು ಎಂದ ಮೇಲೆ ಮದ್ದೂ ಅಲ್ಲೇ ಇದೆ. ಕಂಪ್ಯೂಟರಿನಲ್ಲಿ ಪೈಥಾನ್ ಇದ್ದರೆ ಅದರೊಳಗೇ ಒಂದು ಪುಟ್ಟ ವೆಬ್ ಸರ್ವರ್ ಬರುತ್ತದೆ. ರಸಪ್ರಶ್ನೆಯ ಫೋಲ್ಡರಿನಲ್ಲಿ ಕಮಾಂಡ್ ಕಿಟಕಿ ತೆರೆದು ‘ಪೈಥಾನ್ -ಎಮ್ ಎಚ್‌ಟಿಟಿಪಿ.ಸರ್ವರ್’ ಎಂಬುದನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪಿಸಿ ಎಂಟರ್ ಒತ್ತಿ. ಬ್ರೌಸರಿನ ವಿಳಾಸದ ಪಟ್ಟಿಯಲ್ಲಿ ‘ಲೋಕಲ್‌ಹೋಸ್ಟ್:8000’ ಎಂದು ಬರೆಯಿರಿ. ಅದೇ ಫೈಲುಗಳು, ಅದೇ ಡಿಸ್ಕು. ಆದರೆ ಈಗ ಎಚ್‌ಟಿಟಿಪಿ ಇದೆ, ಹೆಸರಿದೆ, ಪೋರ್ಟ್ ಇದೆ. ಒರಿಜಿನ್ ಪೂರ್ತಿಯಾಯಿತು. ಜೆಸನ್ ಫೈಲನ್ನು ತಿದ್ದದೆಯೂ ಪ್ರಶ್ನೆಗಳು ಬರುತ್ತವೆ.

ಈ ಸರ್ವರ್‌ಗೆ ಬೇರೆ ಸೂಚನೆ ಕೊಡದಿದ್ದರೆ ಒಂದೇ ಜಾಲದಲ್ಲಿರುವ ಉಳಿದ ಕಂಪ್ಯೂಟರುಗಳಿಗೂ ಆ ಫೋಲ್ಡರ್ ಕಾಣುತ್ತದೆ. ನಿಮ್ಮೊಬ್ಬರಿಗೇ ಸಾಕೆಂದಿದ್ದರೆ ‘ಬೈಂಡ್’ ಆಯ್ಕೆಯಲ್ಲಿ 127.0.0.1 ಎಂಬ ಸಂಖ್ಯೆ ಕೊಟ್ಟು ಬಾಗಿಲು ಹಾಕಿಕೊಳ್ಳಬಹುದು. ಆದರೆ ನಿಮ್ಮ ಕೊಠಡಿಯಲ್ಲಿ ಆ ತೆರೆದ ಬಾಗಿಲೇ ಉಪಯೋಗಕ್ಕೆ ಬರುತ್ತದೆ. ಸ್ವಿಚ್ಚೋ ವೈಫೈ ರೂಟರೋ ಇದ್ದು ಯಂತ್ರಗಳು ಒಂದಕ್ಕೊಂದು ಸೇರಿಕೊಂಡಿದ್ದರೆ, ಹೊರಗಿನ ಇಂಟರ್ನೆಟ್ ಇಲ್ಲದೆಯೂ, ಮಕ್ಕಳು ತಮ್ಮ ಬ್ರೌಸರಿನಲ್ಲಿ ನಿಮ್ಮ ಕಂಪ್ಯೂಟರಿನ ಐಪಿ ಸಂಖ್ಯೆಯನ್ನೂ 8000 ಎಂಬ ಪೋರ್ಟನ್ನೂ ಬರೆದರೆ ರಸಪ್ರಶ್ನೆ ತೆರೆಯುತ್ತದೆ. ಒಂದೊಂದು ಯಂತ್ರಕ್ಕೂ ಪೆನ್‌ಡ್ರೈವ್ ಚುಚ್ಚುತ್ತ ಓಡಾಡುವ ಕೆಲಸ ತಪ್ಪುತ್ತದೆ. ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳಿದಾಗ ಖಾಸಗಿ ಜಾಲಕ್ಕೆ ಮಾತ್ರ ಒಪ್ಪಿ. ಸರ್ವರನ್ನು ರಸಪ್ರಶ್ನೆಯ ಫೋಲ್ಡರಿನಲ್ಲೇ ಓಡಿಸಿ, ಡೌನ್‌ಲೋಡ್ಸ್‌ನಲ್ಲೋ ಅಂಕಪಟ್ಟಿಗಳಿರುವ ಫೋಲ್ಡರಿನಲ್ಲೋ ಬೇಡ. ತರಗತಿ ಮುಗಿದ ಮೇಲೆ ಆ ಕಿಟಕಿ ಮುಚ್ಚಿಬಿಡಿ.

ಇದೇ ತತ್ತ್ವದ ಮೇಲೆ ದೊಡ್ಡ ಮಟ್ಟದಲ್ಲಿ ಕೆಲಸ ಮಾಡುವ ತಂತ್ರಾಂಶಗಳೂ ಇವೆ. ಕಿವಿಕ್ಸ್ ಇಡೀ ವಿಕಿಪೀಡಿಯವನ್ನು ಡಿಸ್ಕಿನಿಂದ ಉಣಬಡಿಸುತ್ತದೆ. ಕೊಲಿಬ್ರಿ ಪಾಠ, ವಿಡಿಯೊ, ಅಭ್ಯಾಸಗಳನ್ನು ಶಾಲೆಯ ಒಳಜಾಲದಲ್ಲಿ ಹಂಚುತ್ತದೆ. ಎರಡೂ ಉಚಿತ.

ಎಲ್ಲ ತೊಂದರೆಗೂ ಭದ್ರತೆಯೇ ಕಾರಣವಲ್ಲ

ಕೆಂಪು ಸಾಲಿನಲ್ಲಿ ‘ನಲ್’ ಎಂಬ ಮಾತು ಇಲ್ಲದಿದ್ದರೆ ಬೇರೆ ಕಡೆ ಹುಡುಕಿ. ಪುಟ ಯಾವುದಾದರೂ ಸ್ಕ್ರಿಪ್ಟನ್ನೋ ಫಾಂಟನ್ನೋ ನೆಟ್‌ನಿಂದ ತರಿಸಿಕೊಳ್ಳುತ್ತಿದ್ದರೆ ನೆಟ್ ಇಲ್ಲದಾಗ ಅದು ಬರುವುದಿಲ್ಲ, ಅಷ್ಟೆ. ಅದನ್ನು ಇಳಿಸಿ ಫೋಲ್ಡರಿನಲ್ಲೇ ಇಡಿ. ಒಳಗಿನ ಫೈಲಿನ ದಾರಿ ಓರೆಗೆರೆಯಿಂದ ಶುರುವಾಗಿದ್ದರೆ ಸೈಟಿನಲ್ಲಿ ಅದು ಸೈಟಿನ ಬುಡ, ಡಿಸ್ಕಿನಲ್ಲಿ ಡ್ರೈವಿನ ಬುಡ. ಮೊದಲ ಗೆರೆ ತೆಗೆಯಿರಿ.

ನೆಟ್‌ನಲ್ಲಿ ಕಂಡ ಪುಟವನ್ನು ಕ್ರೋಮ್‌ನಲ್ಲಿ ‘ಒಂದೇ ಫೈಲ್’ ಎಂದು ಉಳಿಸಿದರೆ ಅದು ಎಂಎಚ್‌ಟಿಎಂಎಲ್ ರೂಪದಲ್ಲಿರುತ್ತದೆ. ಓದಲು ಚೆನ್ನ, ಆದರೆ ಕ್ರೋಮ್ ಅದರ ಸ್ಕ್ರಿಪ್ಟನ್ನು ಓಡಿಸುವುದಿಲ್ಲ. ಸಿಡಿ ಪಾಠಗಳು ಫ್ಲಾಶ್‌ನಲ್ಲಿದ್ದರೆ ಯಾವ ಸೆಟ್ಟಿಂಗ್ ಬದಲಿಸಿಯೂ ಪ್ರಯೋಜನವಿಲ್ಲ. ಅಡೋಬಿ ಅದನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. ‘ರಫಲ್’ ಎಂಬ ಉಚಿತ ತಂತ್ರಾಂಶ ಅಂಥ ಹಳೆಯ ಫೈಲುಗಳಲ್ಲಿ ಹಲವನ್ನು ಓಡಿಸುತ್ತದೆ, ಪ್ರಯತ್ನಿಸಿ ನೋಡಿ.

ರಸಪ್ರಶ್ನೆಯನ್ನು ಮಕ್ಕಳ ಅಪ್ಪ-ಅಮ್ಮಂದಿರ ಫೋನಿಗೆ ವಾಟ್ಸಾಪ್‌ನಲ್ಲಿ ಕಳಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಎಷ್ಟೋ ಆಂಡ್ರಾಯ್ಡ್ ಫೋನುಗಳಲ್ಲಿ ಅದು ‘ಎಚ್‌ಟಿಎಂಎಲ್ ವ್ಯೂವರ್’ ಎಂಬ ಸಣ್ಣ ಆ್ಯಪಿನಲ್ಲಿ ತೆರೆದು, ಸ್ಕ್ರಿಪ್ಟ್ ಓಡದೆ ಬರೀ ಅಕ್ಷರ ತೋರಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಫೋನಿಗೆ ಬಂದ ಎಚ್‌ಟಿಎಂಎಲ್ ಫೈಲನ್ನು ತೆರೆಯುವ ಅಭ್ಯಾಸವನ್ನು ನಾವೇ ಮಾಡಿಸಿದಂತಾಗುತ್ತದೆ. ನಾಳೆ ಬ್ಯಾಂಕಿನ ಹೆಸರಿನಲ್ಲಿ ಬರುವುದೂ ಅಂಥದ್ದೇ ಫೈಲ್. ಫೋನಿಗೆ ಕಳಿಸಬೇಕೆಂದರೆ ಅಕ್ಕನ ಮಗನಿಗೆ ಹೇಳಿ ರಸಪ್ರಶ್ನೆಯನ್ನು ಅವನ ಸೈಟಿನಲ್ಲೇ ಉಳಿಸಿಸಿ, ಲಿಂಕ್ ಮಾತ್ರ ಕಳಿಸಿ. ತೆರೆಯುವ ಮುನ್ನ ಯಾರ ಸೈಟೆಂದು ಓದಿ ನೋಡಲು ಅವರಿಗೂ ಒಂದು ವಿಳಾಸ ಸಿಗುತ್ತದೆ.